ಸತುವಿನ ಲೆಕ್ಕ

ನಮ್ಮ ವಾಮದಪದವು ಕಡಲಿನ ಊರಲ್ಲ. ಆದರೂ ನನ್ನ ಅನ್ನ ಕಡಲಿನದ್ದೇ. ಗೋವಾದ ಒಂದು ಯಾರ್ಡಿನಲ್ಲಿ ಹಾಯಿದೋಣಿಗಳ ತಳ ನೋಡಿಕೊಳ್ಳುವ ಕೆಲಸ. 2018ರ ಮೇ ತಿಂಗಳಲ್ಲಿ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ‘ತಾರಿಣಿ’ಯಲ್ಲಿ ಭೂಮಿ ಸುತ್ತಿ ಗೋವಾಕ್ಕೆ ಮರಳಿದಾಗ ಎಲ್ಲರೂ ಹಾಯಿ ನೋಡಿದರು. ನನ್ನ ಕಣ್ಣು ಮಾತ್ರ ನೀರಿನಡಿಗೆ ಹೋಯ್ತು.

ದೂರ ಹೋಗುವ ಭಾರದ ಹಾಯಿದೋಣಿಯ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ತಳದಲ್ಲಿ ಜೋಡಿಸಿದ ಸೀಸ ಅಥವಾ ಬೀಡುಕಬ್ಬಿಣ. ಗಾಳಿಗೆ ವಾಲಿದ ದೋಣಿಯನ್ನು ಎಬ್ಬಿಸಿ ನಿಲ್ಲಿಸುವುದು ಅದೇ. ಹಾಗಾಗಿ ಭಾರ ಅಂದ್ರೆ ಕೆಟ್ಟದ್ದಲ್ಲ. ಅದು ಎಲ್ಲಿ ಉಂಟು ಅನ್ನೋದು ಮುಖ್ಯ. ನೀರಿನ ಟ್ಯಾಂಕು, ಲಂಗರಿನ ಸರಪಳಿ ಎಲ್ಲ ಮುಂದೆಯೇ ತುಂಬಿದರೆ ಮೂತಿ ಅಲೆಯೊಳಗೆ ಹೂತುಕೊಳ್ತದೆ. ಆಗ ಭಾರ ಸರಿಸಬೇಕು.

ಇನ್ನೊಂದು ಉಂಟು, ಸತು. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿಕೊಂಡಿದ್ದರೆ ಒಂದು ಕರಗಿ ಇನ್ನೊಂದನ್ನು ಉಳಿಸ್ತದೆ. ಅದಕ್ಕೇ ಪ್ರೊಪೆಲ್ಲರಿನ ಶಾಫ್ಟಿಗೆ ಸತುವಿನ ತುಂಡು ಕೂರಿಸ್ತೇವೆ. ಇಂಗ್ಲಿಷಿನಲ್ಲಿ ಅದಕ್ಕೆ ಬಲಿ ಎಂಬ ಅರ್ಥದ ಹೆಸರೇ ಉಂಟು. ಅರ್ಧ ಸವೆಯಿತೋ, ಬದಲಿಸಬೇಕು. ಚಂದಕ್ಕೆ ಅಂತ ಬಣ್ಣ ಬಳಿದರೆ ಅದು ಕೆಲಸವೇ ಮಾಡೋದಿಲ್ಲ.

ಕಳೆದ ಮಳೆಗಾಲ ಊರಿಗೆ ಹೋದಾಗ ಅಕ್ಕ ಚಾವಡಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದಳು. ನನ್ನ ಡಿಪ್ಲೊಮಾದ ಫೀಸು, ತಮ್ಮನ ಕಾಲೇಜು, ಅಪ್ಪನ ಮದ್ದು, ಎಲ್ಲ ಆ ತಡ್ಪೆಯಿಂದ ಬಂದದ್ದು. ಚಾ ಕೊಡುವಾಗ ಅವಳ ಬೆರಳ ತುದಿ ನೋಡಿದೆ. ಗೆರೆಗಳೇ ಇಲ್ಲ.

“ರೇಷನಿನವರ ಮೆಷಿನಿಗೆ ನಾನು ಯಾರೂಂತ ಗೊತ್ತಾಗುದಿಲ್ಲ ಮಾರಾಯ” ಎಂದು ನಕ್ಕಳು.

ನನಗೆ ನಗು ಬರಲಿಲ್ಲ.

“ಅಕ್ಕ ಇಲ್ಲದಿದ್ದರೆ ನಾವಿಲ್ಲ” ಅಂತ ನೆಂಟರೆದುರು ಎಷ್ಟು ಸಲ ಹೇಳಿದ್ದೇನೋ! ಅದೂ ಬಣ್ಣವೇ. ಬಣ್ಣ ಬಳಿದರೆ ಸತು ಕೆಲಸ ನಿಲ್ಲಿಸ್ತದೆ. ನಾವು ಅಕ್ಕನಿಗೆ ಬಣ್ಣ ಬಳಿದೇ ಕೆಲಸ ಮಾಡಿಸಿದೆವು.

‘ಅವಳೇ ಒಪ್ಪಿ ಮಾಡಿದ್ದಲ್ವಾ?’ ಅನ್ನಬಹುದು ನೀವು. ಹೌದು. ಆದರೆ ಅವಳು ಒಪ್ಪಿದ್ದು ಆ ವರ್ಷದ ಕಷ್ಟಕ್ಕೆ. ಅದನ್ನು ಜೀವಮಾನಕ್ಕೆ ಎಳೆದದ್ದು ನಾವು. ದೋಣಿಯ ಸತುವನ್ನು ವರ್ಷ ವರ್ಷ ಮುಟ್ಟಿ ನೋಡುವ ನಾನು ಮನೆಯಲ್ಲಿ ಒಮ್ಮೆಯೂ “ಸಾಕಾಯ್ತಾ ಅಕ್ಕ?” ಅಂತ ಕೇಳಿದವನಲ್ಲ. ಕೊಟ್ಟವರ ದೊಡ್ಡತನದಿಂದ ಪಡೆದವರ ಲೆಕ್ಕ ಚುಕ್ತಾ ಆಗುವುದುಂಟಾ?

“ಇನ್ನು ಬಿಡು ಅಕ್ಕ” ಅಂದೆ.

“ಬಿಟ್ಟು ಎಂತ ಮಾಡ್ಲಿ?” ಅಂದಳು.

ಉತ್ತರ ಇರಲಿಲ್ಲ. ಈಗ ನಾನೂ ತಮ್ಮನೂ ಪ್ರತಿ ತಿಂಗಳು ಅವಳ ಖಾತೆಗೆ ದುಡ್ಡು ಹಾಕ್ತೇವೆ. ಸಾಲ ತೀರಿತು ಅಂತಲ್ಲ. ಭಾರ ಸ್ವಲ್ಪ ಈಚೆಗೆ ಸರಿಸಿದ್ದು, ಅಷ್ಟೇ. ಅವಳ ಪ್ರಶ್ನೆ ಹಾಗೇ ಉಂಟು.