ಒಂಬತ್ತನೇ ತಿರುವಿನಲ್ಲಿ ಇಳಿಸಿದ ಚೀಲ

ದಿನಗಟ್ಟಲೆ ಸೈಕಲ್ ತುಳಿದು ಊರು ಸುತ್ತಿ ಬಂದವರು ‘ಮುಗಿಸಿದೆ’ ಎಂದು ಯಾವಾಗ ಹೇಳಬಹುದು? ನನಗೆ ಹತ್ತಿರದ ಒಂದು ಮನೆಯಲ್ಲಿ ಅಕ್ಕ–ತಮ್ಮನ ನಡುವೆ ಈ ಪ್ರಶ್ನೆ ಎದ್ದಿದೆ. ಇಬ್ಬರ ಒಪ್ಪಿಗೆ ಕೇಳಿ, ಹೆಸರು ಬಿಟ್ಟು, ನಡೆದದ್ದನ್ನು ಬರೆಯುತ್ತಿದ್ದೇನೆ.

ಅಕ್ಕನಿಗೆ 48. ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾರೆ. ಗೇರ್ ಸೈಕಲ್ ಕೊಂಡು ಎರಡು ವರ್ಷವೂ ಆಗಿರಲಿಲ್ಲ. ಬೆಳಿಗ್ಗೆ ಗಾಜನೂರು ಅಣೆಕಟ್ಟಿನ ತನಕ ಹೋಗಿ ಬರುವುದಷ್ಟೇ ಅಭ್ಯಾಸ. ತಮ್ಮ ಏಳು ವರ್ಷ ಚಿಕ್ಕವರು, ಬೆಂಗಳೂರಿನಲ್ಲಿ ಕೆಲಸ. ಗೊತ್ತುಮಾಡಿದ ಸಮಯದೊಳಗೆ ದೂರ ಮುಗಿಸುವ ಸೈಕಲ್ ಸವಾರಿಗಳಾದ ಬ್ರೆವೆಗಳಲ್ಲಿ ಪಳಗಿದವರು. ಬ್ರೆವೆಯ ಕಟ್ಟುಪಾಡು ಬಿಗಿ: 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು, ಗೊತ್ತುಮಾಡಿದ ಜಾಗಗಳಲ್ಲಿ ಹಾಜರಿ ತೋರಿಸಬೇಕು, ಅವುಗಳ ನಡುವೆ ಯಾವ ವಾಹನದ ನೆರವನ್ನೂ ಪಡೆಯಬಾರದು.

ಇಬ್ಬರೂ ಸೇರಿ ಹಾಕಿಕೊಂಡ ದಾರಿ ಇದು: ಶಿವಮೊಗ್ಗದಿಂದ ಸಾಗರ, ಜೋಗದ ಮೇಲೆ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ಕರಾವಳಿ ಹಿಡಿದು ಕುಂದಾಪುರ, ಉಡುಪಿ, ಹೆಬ್ರಿ, ಆಮೇಲೆ ಆಗುಂಬೆ ಹತ್ತಿ ತೀರ್ಥಹಳ್ಳಿಯ ಮೇಲೆ ಮನೆಗೆ. ಒಟ್ಟು 400 ಕಿಲೋಮೀಟರಿಗೂ ಮಿಗಿಲು, ಡಿಸೆಂಬರಿನ ಆರು ದಿನ. ಅಕ್ಕ ಹೊರಡುವ ಮೊದಲು ಅತ್ತೆಯ ಮಾತ್ರೆಗಳ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು, ಗಂಡ ಕಚೇರಿಗೆ ರಜೆ ಹಾಕಿದರು, ಪಕ್ಕದ ಮನೆಯವರು ರಾತ್ರಿಯ ಅಡುಗೆ ವಹಿಸಿಕೊಂಡರು. ನಡುವಯಸ್ಸಿನ ಹೆಂಗಸು ಆರು ದಿನ ರಸ್ತೆಯ ಮೇಲಿರಬೇಕಾದರೆ ಮನೆಯಲ್ಲಿ ಇಷ್ಟು ಜನ ದುಡಿಯಬೇಕು. ಸ್ವಂತ ಬಲದ ಮಾತು ಮುಂದೆ ಬರುತ್ತದೆ, ಆಗ ಇದನ್ನು ಮರೆಯಬಾರದು.

ಮೊದಲ ದಿನ ಯಾರಾದರೂ ತುಳಿದಾರು. ಹುರುಪೇ ದೂಡಿಕೊಂಡು ಹೋಗುತ್ತದೆ. ಕಷ್ಟ ಎರಡನೇ ಬೆಳಗಿನದು. ನಿನ್ನೆ ನೊಂದ ಕಡೆಯೇ ಮತ್ತೆ ಸೀಟಿನ ಮೇಲೆ ಕೂರಬೇಕು. ಹ್ಯಾಂಡಲ್ ಹಿಡಿದು ಕಿರುಬೆರಳಿಗೆ ಕಟ್ಟಿದ ಜೋಮು ಇನ್ನೂ ಬಿಟ್ಟಿರುವುದಿಲ್ಲ. ಇಪ್ಪತ್ತರಲ್ಲಿ ರಾತ್ರಿಯ ನಿದ್ದೆ ಎಲ್ಲವನ್ನೂ ಸರಿಮಾಡುತ್ತದೆ, ಐವತ್ತರ ಹತ್ತಿರ ಮಾಡುವುದಿಲ್ಲ. ಈ ದಿನವೇ ಎಲ್ಲ ಬಲವನ್ನೂ ಖರ್ಚುಮಾಡಿದರೆ ನಾಳೆ ಹೊರಡಲಾಗದು ಎಂಬ ಲೆಕ್ಕವನ್ನು ಅಕ್ಕ ಗೇರುಸೊಪ್ಪೆಯ ಇಳಿಜಾರಿನಲ್ಲೇ ಕಲಿತರು. ಬ್ರೇಕನ್ನು ಒಂದೇ ಸಮ ಹಿಡಿಯದೆ ಬಿಟ್ಟು ಬಿಟ್ಟು ಹಿಡಿದರು. ರಿಮ್ ಕಾದಾಗ ನಿಂತರು. ಮರವಂತೆಯಲ್ಲಿ, ಒಂದು ಬದಿಗೆ ಕಡಲು ಇನ್ನೊಂದು ಬದಿಗೆ ಸೌಪರ್ಣಿಕಾ ಇರುವ ಆ ರಸ್ತೆಯಲ್ಲಿ, ದಣಿವಿಲ್ಲದಿದ್ದರೂ ಇಳಿದು ಎಳನೀರು ಕುಡಿದರು. ತಮ್ಮ ಆಗಲೇ ಎರಡು ಊರು ಮುಂದಿದ್ದರು.

ಪ್ರಕರಣ ನಡೆದದ್ದು ಐದನೇ ದಿನ. ಸೋಮೇಶ್ವರ ದಾಟಿದರೆ ಆಗುಂಬೆ ಘಾಟಿ: ಹದಿನಾಲ್ಕು ಹೇರ್‌ಪಿನ್ ತಿರುವು, ಮೇಲಿನ ಊರು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರ. ತಮ್ಮ ಮೊದಲೇ ಹತ್ತಿಹೋದರು. ಅಕ್ಕ ಅತಿ ಹಗುರದ ಗೇರಿನಲ್ಲಿ ತುಳಿಯುತ್ತ ಎಂಟು ತಿರುವು ಮುಗಿಸಿದರು. ಒಂಬತ್ತನೆಯದರಲ್ಲಿ ಬಲ ಮಂಡಿಯ ಹೊರಬದಿ ಚುಚ್ಚತೊಡಗಿತು, ಇಳಿದು ನಿಂತರು. ಹಿಂದಿನಿಂದ ಬಂದ ಜೀಪಿನವರು ನಿಲ್ಲಿಸಿ, “ಅಕ್ಕಾ, ಸೈಕಲ್ ಹಿಂದೆ ಹಾಕಿ, ನೀವೂ ಹತ್ತಿ. ಹತ್ತೇ ನಿಮಿಷ” ಎಂದರು. ಅಕ್ಕ ಒಂದು ಕ್ಷಣ ಯೋಚಿಸಿ ಕ್ಯಾರಿಯರಿನ ಎರಡೂ ಚೀಲ ಬಿಚ್ಚಿದರು. “ಇಷ್ಟು ಮಾತ್ರ ತಗೊಂಡು ಹೋಗಿ ಅಣ್ಣಾ. ಮೇಲೆ ಬಸ್‌ಸ್ಟ್ಯಾಂಡ್ ಹತ್ರ ಯಾವ್ದಾದ್ರೂ ಅಂಗಡೀಲಿ ಇಟ್ಟಿರಿ, ನಾನು ಬರ್ತೀನಿ.” ಎರಡು ತಿರುವು ಸೈಕಲ್ ತಳ್ಳಿಕೊಂಡು ನಡೆದರು. ಉಳಿದದ್ದನ್ನು ತುಳಿದೇ ಹತ್ತಿದರು.

ಚಹಾದ ಅಂಗಡಿಯಲ್ಲಿ ಅಕ್ಕನಿಗಿಂತ ಮೊದಲೇ ಬಂದಿಳಿದ ಅವರ ಚೀಲ ನೋಡಿ ತಮ್ಮನಿಗೆ ಬೇಸರವಾಯಿತು. “ಅಕ್ಕಾ, ಬ್ರೆವೆ ಆಗಿದ್ರೆ ನಿನ್ನ ಹೆಸರು ಹೊಡೆದುಹಾಕ್ತಿದ್ರು. ನಡೆದದ್ದು ಸರಿ. ಚೀಲ ಕೊಟ್ಟಿದ್ದು ತಪ್ಪು” ಎಂದರು.

ತಮ್ಮನ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರ ಹಿಂದೆ ನಿಜವಾದ ಕಾರಣಗಳಿವೆ. 1904ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೊದಲು ಬಂದ ಮೌರಿಸ್ ಗಾರಾಂ ಸೇರಿ ಮೊದಲ ನಾಲ್ವರ ಸ್ಥಾನವನ್ನೂ ಕೆಲವು ತಿಂಗಳ ಮೇಲೆ ಕಿತ್ತುಕೊಂಡರು. ಸ್ಪರ್ಧಿಗಳು ರೈಲು, ಕಾರುಗಳನ್ನು ಬಳಸಿದರೆಂಬ ಆರೋಪಗಳಿದ್ದವು. ಅಂಥ ಮೋಸವನ್ನು ಕಂಡವರು ನಿಯಮವನ್ನು ಬಿಗಿಮಾಡದೆ ಇರಲಾರರು. ಆದರೆ ಬಿಗಿದ ನಿಯಮ ಎಲ್ಲಿಯ ತನಕ ಹೋಯಿತೆಂದು 1913ರ ಟೂರ್‌ನಲ್ಲಿ ಕಾಣುತ್ತದೆ. ಪಿರನೀಸ್ ಪರ್ವತದ ಟೂರ್ಮಲೆಯಿಂದ ಇಳಿಯುವಾಗ ಸ್ಪರ್ಧಿ ಯುಜೀನ್ ಕ್ರಿಸ್ಟೋಫ್‌ನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಸೈಕಲ್ಲನ್ನು ಹೊತ್ತು ಕಿಲೋಮೀಟರುಗಟ್ಟಲೆ ನಡೆದು ಕಣಿವೆಯ ಹಳ್ಳಿ ಮುಟ್ಟಿ, ಕಮ್ಮಾರನ ಕುಲುಮೆಯಲ್ಲಿ ತಾನೇ ಬೆಸೆದುಕೊಂಡ. ಎರಡೂ ಕೈ ಕೆಲಸದಲ್ಲಿದ್ದಾಗ ಒಬ್ಬ ಹುಡುಗ ತಿದಿ ಒತ್ತಿದ. ಅಷ್ಟಕ್ಕೆ ಕ್ರಿಸ್ಟೋಫ್‌ಗೆ ದಂಡ ಬಿತ್ತು. ತಿದಿ ಒತ್ತಿದ ಹುಡುಗನಿಗೂ ಚೀಲ ಒಯ್ದ ಜೀಪಿನವರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಆ ಸ್ಪರ್ಧೆಯನ್ನು ಹುಟ್ಟುಹಾಕಿದ ಆನ್ರಿ ದೆಗ್ರಾಂಜ್‌ಗೆ ಗೇರು ಬದಲಿಸುವುದೇ ಸ್ವಂತ ಬಲಕ್ಕೆ ಅವಮಾನವಾಗಿತ್ತು. ಅದು 45 ದಾಟಿದವರಿಗೆ ಮಾತ್ರ ಎಂದು 1902ರಲ್ಲಿ ಬರೆದ. ಟೂರ್‌ನಲ್ಲಿ ಗೇರು ಬದಲಿಸುವ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ದೆಗ್ರಾಂಜ್ ಹಾಗೆ ಬರೆದ ಕಾಲದಲ್ಲೇ ಸೇಂತ್ ಎತಿಯೆನ್ ಊರಿನ ಪಾಲ್ ದ ವಿವಿ, ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವನು, ಗೇರನ್ನು ಎತ್ತಿಹಿಡಿದು ಸೈಕಲ್ ಪ್ರವಾಸಕ್ಕೆ ಬೇರೆಯದೇ ನಡತೆ ಕಲಿಸಿದ: ಹಸಿಯುವ ಮೊದಲು ತಿನ್ನು, ಬಾಯಾರುವ ಮೊದಲು ಕುಡಿ, ಊಟ–ನಿದ್ದೆ ಕೆಡುವಷ್ಟು ದಣಿಯಬೇಡ, ಒಣಪ್ರತಿಷ್ಠೆಗಾಗಿ ತುಳಿಯಬೇಡ. ದೆಗ್ರಾಂಜ್‌ನ ಪ್ರಶ್ನೆ ಯಾರು ಗಟ್ಟಿ ಎಂಬುದು. ವೆಲೋಸಿಯೋನ ಪ್ರಶ್ನೆ ನಾಳೆಯೂ ಹೊರಡುವುದು ಹೇಗೆ ಎಂಬುದು. ಹಲವು ದಿನಗಳ ಪ್ರವಾಸಕ್ಕೆ ಎರಡನೆಯ ಪ್ರಶ್ನೆಯೇ ಸರಿ ಎಂದು ನನ್ನ ದೃಢವಾದ ಅಭಿಪ್ರಾಯ. ಒಂಬತ್ತನೇ ತಿರುವಿನಲ್ಲಿ ಭಾರ ಇಳಿಸದೆ ಮಂಡಿ ಕೆಡಿಸಿಕೊಂಡಿದ್ದರೆ ಅಕ್ಕ ಮರುದಿನ ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬರಬೇಕಾಗುತ್ತಿತ್ತು.

ಹಾಗೆಂದು ಚೀಲ ಕೊಟ್ಟದ್ದು ಏನೂ ಅಲ್ಲವೆಂದು ನಾನು ಹೇಳಲಾರೆ. ಭಾರವೂ ಪ್ರವಾಸದ ಪಾಲು. ಅದನ್ನು ಇಳಿಸಿದ ಮೇಲೆ ‘ಆಗುಂಬೆಯನ್ನು ಪೂರ್ತಿ ನಾನೇ ಹತ್ತಿದೆ’ ಎನ್ನುವ ಹಕ್ಕು ಹೋಯಿತು. ಸ್ಪರ್ಧೆಯಲ್ಲಿ ಅದನ್ನು ಕಾಯಲು ಅಧಿಕಾರಿಗಳಿರುತ್ತಾರೆ. ಇಂಥ ಪ್ರವಾಸದಲ್ಲಿ ಹೋದವರ ಬಾಯಿ ಒಂದೇ ಸಾಕ್ಷಿ. ಮರಳಿದ ಮೇಲೆ ಶಾಲೆಯಲ್ಲಿ ಶಾಲು ಹೊದಿಸಿ, ಮುಖ್ಯೋಪಾಧ್ಯಾಯರು “ಯಾರ ನೆರವೂ ಇಲ್ಲದೆ” ಎಂದು ಹೊಗಳಿದಾಗ ಅಕ್ಕ ಎದ್ದು ನಿಂತು ಹೇಳಿದರು: ಎರಡು ತಿರುವು ತಳ್ಳಿದೆ, ಒಂಬತ್ತನೆಯದರಿಂದ ಚೀಲ ಜೀಪಿನಲ್ಲಿ ಹೋಯಿತು, ಮನೆಯಲ್ಲಿ ಬೇರೆಯವರು ನನ್ನ ಕೆಲಸ ಮಾಡಿದರು. ಇದನ್ನೆಲ್ಲ ಹೇಳಬೇಕಿತ್ತೆ ಎಂದು ಕೆಲವು ಸಹೋದ್ಯೋಗಿಗಳು ಆಮೇಲೆ ಕೇಳಿದರಂತೆ. ಹೇಳಬೇಕಿತ್ತು. ಎದುರಿಗೆ ಒಂಬತ್ತನೇ ತರಗತಿಯ ಹುಡುಗಿಯರು ಕೂತಿದ್ದರು. ಅವರಲ್ಲೊಬ್ಬಳು ನಾಳೆ ಘಾಟಿಯಲ್ಲಿ ಇಳಿದು ನಿಂತಾಗ, ಟೀಚರ್ ಒಂದೇ ಉಸಿರಿಗೆ ಹತ್ತಿದ್ದರು ಎಂಬ ಸುಳ್ಳು ಅವಳನ್ನು ಕುಗ್ಗಿಸಬಾರದು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ತಮ್ಮನ ನಡೆ. ಚೀಲವನ್ನು ತಾವೇ ಹೊತ್ತಿದ್ದರೆ ನಿಯಮ ಮುರಿಯುತ್ತಿತ್ತೇ ಎಂದು ಅವರನ್ನು ಕೇಳಿದೆ. “ಇಲ್ಲ, ನಾವಿಬ್ಬರೂ ಜೊತೆ ಹೊರಟವರಲ್ಲವೇ” ಎಂದರು. ಹಾಗಾದರೆ ಒಂಬತ್ತನೇ ತಿರುವಿನಲ್ಲಿ ಅವರು ಯಾಕಿರಲಿಲ್ಲ? ಪ್ರತಿಯೊಬ್ಬರೂ ತಮ್ಮ ಪಾಡಿಗೆ ತುಳಿಯುವ ಬ್ರೆವೆಯಲ್ಲಿ ಕಾಯದಿರುವುದು ತಪ್ಪಲ್ಲ. ಇಬ್ಬರಾಗಿ ಹೊರಟ ಮೇಲೆ ಗಟ್ಟಿಯಾದವರ ವೇಗ ಅವರೊಬ್ಬರ ಸ್ವತ್ತಾಗಿ ಉಳಿಯುವುದಿಲ್ಲ. ನಿಯಮವನ್ನು ಅಷ್ಟು ಬಲ್ಲ ತಮ್ಮ, ನಿಯಮದೊಳಗೇ ಅಕ್ಕನಿಗೆ ನೆರವಾಗಬಹುದಿದ್ದ ಒಬ್ಬನೇ ಮನುಷ್ಯ ತಾನೆಂಬುದನ್ನು ಘಾಟಿ ಹತ್ತುವಾಗ ನೆನೆಯಲಿಲ್ಲ. ಆ ಜಾಗದಲ್ಲಿ ಹೆಸರೂ ಗೊತ್ತಿಲ್ಲದ ಜೀಪಿನವರು ನಿಂತರು.

ಇದನ್ನು ನಾನು ಹೇಳಿದಾಗ ಅವರು ವಾದಿಸಲಿಲ್ಲ. ಆರನೇ ದಿನ ತೀರ್ಥಹಳ್ಳಿಯಿಂದ ಮಂಡಗದ್ದೆ, ಸಕ್ರೆಬೈಲಿನ ದಾರಿಯಲ್ಲಿ ಶಿವಮೊಗ್ಗದ ತನಕ ಅಕ್ಕನ ಹಿಂದೆಯೇ ಬಂದೆ, ಹಾಗೆ ನಿಧಾನಕ್ಕೆ ತುಳಿಯುವುದು 300ರ ಬ್ರೆವೆಗಿಂತ ಕಷ್ಟವಾಯಿತು ಎಂದರು. ಚೀಲದ ವಿಷಯದಲ್ಲಿ ಅವರ ನಿಲುವು ಬದಲಾಗಿಲ್ಲ. ಅಕ್ಕ ಮುಂದಿನ ಚಳಿಗಾಲಕ್ಕೆ ಹುಲಿಕಲ್ ಘಾಟಿಯ ಮಾತಾಡುತ್ತಿದ್ದಾರೆ. ಚೀಲದಲ್ಲಿ ಅರ್ಧ ಯಾರ ಕ್ಯಾರಿಯರಿಗೆ ಎಂಬುದನ್ನು ಈ ಸಲ ಹೊರಡುವ ಮೊದಲೇ ಮಾತಾಡಿಕೊಂಡಿದ್ದಾರೆ.