ತೋಪಿನ ಹಿಂದೆ ನಿಂತವರು

ಕಳೆದ ವರ್ಷ ರಾಜ್ಯೋತ್ಸವದ ದಿನ ನಮ್ಮ ಸಂಘದ ವೇದಿಕೆಯ ಮೇಲೆ ನಾನೊಂದು ಭಾಷಣ ಮಾಡಿದ್ದು ಕೆಲವು ಓದುಗರಿಗೆ ನೆನಪಿರಬಹುದು. ನೆನಪಿಲ್ಲದಿದ್ದರೂ ತಪ್ಪಿಲ್ಲ, ಊಟದ ಹೊತ್ತು ಮೀರಿತ್ತು, ಅಡಿಗೆಯ ಕಡೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ವಿಷಯ ಮಂಗಳೂರಿನ ಸುಲ್ತಾನ್ ಬತ್ತೇರಿ. ಅದರ ಹಿಂದಿನ ಬೇಸಿಗೆಯಲ್ಲಿ ಮಗಳ ಮನೆಗೆಂದು ಮಂಗಳೂರಿಗೆ ಹೋದಾಗ ಮೊಮ್ಮಗನ ಕೈ ಹಿಡಿದುಕೊಂಡು ಅದನ್ನು ನೋಡಿ ಬಂದಿದ್ದೆ. ನೋಡಿದ್ದನ್ನು ನಾಲ್ಕು ಜನರಿಗೆ ಹೇಳದೆ ಇರಲಾರದ ಚಾಳಿ ನನ್ನದು.

ಮಂಗಳೂರನ್ನು ಕಾಣದವರಿಗಾಗಿ ಎರಡು ಮಾತು. ಬತ್ತೇರಿ ಇರುವುದು ಬೋಳೂರಿನಲ್ಲಿ, ಗುರುಪುರ ಹೊಳೆಯ ದಂಡೆಯ ಮೇಲೆ. ಹೊಳೆ ಅಲ್ಲಿ ನೇರವಾಗಿ ಕಡಲಿಗೆ ಬೀಳುವುದಿಲ್ಲ. ತಣ್ಣೀರುಬಾವಿಯ ಮರಳ ದಿಣ್ಣೆ ಅಡ್ಡ ಬರುವುದರಿಂದ ಕಡಲಿನ ಪಕ್ಕದಲ್ಲೇ ತೆಂಕಲಿಗೆ ಹರಿದು, ನೇತ್ರಾವತಿಯೊಡನೆ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಈ ನೀರಿನ ದಾರಿಯಲ್ಲಿ ಯುದ್ಧದ ಹಡಗುಗಳು ಒಳನುಗ್ಗದಂತೆ ಕಾವಲಿಗೆಂದು 1784ರಲ್ಲಿ ಟಿಪ್ಪು ಸುಲ್ತಾನ ಕಪ್ಪುಕಲ್ಲಿನಿಂದ ಇದನ್ನು ಕಟ್ಟಿಸಿದ. ಹೆಸರಿಗೆ ಬುರುಜು, ಒಳಗೆ ಹೋದರೆ ಪುಟ್ಟ ಕೋಟೆ. ಸುತ್ತಲೂ ತೋಪಿನ ಬಾಯಿ ಚಾಚಲು ಕಿಂಡಿಗಳು, ಮೇಲೇರಲು ಮೆಟ್ಟಿಲು, ಕೆಳಗೆ ಮದ್ದು ತುಂಬಿಡಲು ನೆಲಮನೆ. 'ಬ್ಯಾಟರಿ' ಎಂಬ ಇಂಗ್ಲಿಷ್ ಮಾತೇ ಜನರ ಬಾಯಲ್ಲಿ ಬತ್ತೇರಿಯಾಗಿದೆ. ವಯನಾಡಿನ ಸುಲ್ತಾನ್ ಬತ್ತೇರಿಯ ಹೆಸರೂ ಹೀಗೆಯೇ ಬಂದದ್ದು. ಅಲ್ಲಿ ಮದ್ದುಗುಂಡು ಇಟ್ಟದ್ದು ಒಂದು ಹಳೆಯ ಜೈನ ಬಸದಿಯಲ್ಲಿ ಎನ್ನುತ್ತಾರೆ.

ಮೊಮ್ಮಗ ಒಂದು ಕಿಂಡಿಗೆ ಕಣ್ಣಿಟ್ಟು, "ತಾತ, ಇಲ್ಲಿಂದ ಯಾರನ್ನ ಹೊಡೆದ್ರು?" ಎಂದು ಕೇಳಿದ. "ಹೊಡೆಯೋದಕ್ಕಲ್ಲಪ್ಪ, ಯಾರೂ ಬರಬಾರದು ಅಂತ" ಎಂದೆ. ಆ ಉತ್ತರ ನನಗೇ ಬಹಳ ಹಿಡಿಸಿತು. ಅದನ್ನೇ ಹಿಗ್ಗಿಸಿ ಭಾಷಣ ಮಾಡಿದೆ.

ಕಟ್ಟಿಸಲು ಕಾರಣವೇನೂ ಸಣ್ಣದಲ್ಲ. 1768ರಲ್ಲಿ ಮುಂಬಯಿಯಿಂದ ಹಡಗುಗಳಲ್ಲಿ ಬಂದ ಇಂಗ್ಲಿಷರು ಮಂಗಳೂರನ್ನು ಹಿಡಿದಿದ್ದರು. ಅದೇ ವರ್ಷ ಅದು ಹೈದರಾಲಿಗೆ ಮರಳಿತು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಮರುವರ್ಷದ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಹೊನ್ನಾವರವನ್ನು ಹಿಡಿದು, ಘಟ್ಟ ಹತ್ತಿ ಬಿದನೂರಿಗೆ ಹೋದ. ಮಾರ್ಚಿಯಲ್ಲಿ ಮಂಗಳೂರೂ ಅವರ ಕೈಗೆ ಬಿತ್ತು. ಟಿಪ್ಪು ಬಿದನೂರನ್ನು ಮರಳಿ ಗೆದ್ದು ಮಂಗಳೂರಿನ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ. ಒಳಗಿದ್ದ ಕರ್ನಲ್ ಕ್ಯಾಂಬೆಲ್ಲನ ದಂಡು ಹಸಿವಿನಿಂದ, ರೋಗದಿಂದ ಸೊರಗಿ 1784ರ ಜನವರಿ 30ರಂದು ಕೋಟೆಯನ್ನು ಬಿಟ್ಟುಕೊಟ್ಟಿತು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಎರಡು ಸಲ ಕಡಲಿನಿಂದ ಹೊಡೆತ ತಿಂದವನು ಕಡಲಿಗೆ ಮುಖ ಮಾಡಿ ತೋಪು ಹೂಡಿದ್ದರಲ್ಲಿ ಆಶ್ಚರ್ಯವಿಲ್ಲ. ಕೊನೆಗೆ 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಶತ್ರು ಬಂದದ್ದು ಮಾತ್ರ ನೆಲದ ದಾರಿಯಿಂದ. ಒಂದು ದಂಡು ವೆಲ್ಲೂರಿನಿಂದ, ಒಂದು ಕಣ್ಣಾನೂರಿನಿಂದ ಕೊಡಗಿನ ಮೇಲೆ ಬಂತು. ಆದರೇನು, ಕಾವಲಿನ ಬೆಲೆ ಕಳ್ಳ ಬಂದನೋ ಇಲ್ಲವೋ ಎಂಬುದರ ಮೇಲೆ ನಿಲ್ಲುವುದಿಲ್ಲ. ನಮ್ಮ ಫ್ಲ್ಯಾಟಿನ ವಾಚ್‌ಮನ್ ಹಿಡಿದ ಕಳ್ಳರ ಲೆಕ್ಕ ನೋಡಿ ನಾವು ಸಂಬಳ ಕೊಡುತ್ತೇವೆಯೇ ಎಂದು ನಾನು ಕೇಳಿದಾಗ ಸಭೆ ನಕ್ಕಿತು, ಚಪ್ಪಾಳೆಯೂ ಬಿತ್ತು.

ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೆ ಬಂದವರು ನಮ್ಮ ಟೀಚರ್. ಅವರ ಹೆಸರು ಇಲ್ಲಿ ಬೇಡ. ಮಂಗಳೂರಿನ ಕ್ರೈಸ್ತ ಮನೆತನದವರು, ಮನೆಮಾತು ಕೊಂಕಣಿ. ಮೂವತ್ತು ವರ್ಷಗಳಿಂದ ಅಮೀರ್‌ಪೇಟ್‌ನಲ್ಲಿ ಇದ್ದಾರೆ. ಸಂಘದ ಮಕ್ಕಳಿಗೆ ಭಾನುವಾರ ಅ ಆ ಇ ಈ ತಿದ್ದಿಸಿದವರು ಅವರೇ. ತಟ್ಟೆ ಹಿಡಿದುಕೊಂಡೇ ಮೆಲ್ಲಗೆ ಹೇಳಿದರು: "ರಾಯರೇ, ಭಾಷಣ ಲಾಯ್ಕಿತ್ತು. ಆದರೆ ಆ ಬತ್ತೇರಿ ಕಟ್ಟಿದ ವರ್ಷವೇ ನಮ್ಮವರನ್ನು ಪಟ್ಟಣಕ್ಕೆ ಹಿಡಿದುಕೊಂಡು ಹೋದದ್ದು. ಅದನ್ನೂ ಒಂದು ಮಾತು ಹೇಳಬಹುದಿತ್ತಲ್ಲ?"

ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನೂ ಏನಾದರೂ ವಾದ ಹೂಡಿ ಗೆದ್ದು ಮನೆಗೆ ಹೋಗುತ್ತಿದ್ದೆ.

ಅವರು ಹೇಳಿದ್ದು ನಿಜ. 1784ರಲ್ಲಿ ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಆ ವರ್ಷದ ಬೂದಿ ಬುಧವಾರದಂದು ಸೆರೆ ಆರಂಭವಾಯಿತೆಂದು ಆ ಸಮುದಾಯದ ನೆನಪು. ಅರವತ್ತು ಸಾವಿರ ಜನ ಎಂದು ಕೆಲವರು, ಅದರ ಅರ್ಧ ಎಂದು ಕೆಲವರು ಬರೆದಿದ್ದಾರೆ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು ಬಹಳ. 1680ರ ಮಿಲಾಗ್ರಿಸ್ ಇಗರ್ಜಿಯನ್ನು ಆಗ ಕೆಡವಲಾಯಿತು. ಉಳಿದವರು ಊರಿಗೆ ಮರಳಿದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಹದಿನೈದು ವರ್ಷ! ಕೈಗೂಸಾಗಿ ಘಟ್ಟ ಹತ್ತಿದ ಹೆಣ್ಣುಮಗಳು, ಬದುಕಿದ್ದರೆ, ಮದುವೆಯ ವಯಸ್ಸಿನಲ್ಲಿ ತಾನು ಕಾಣದ ತವರಿಗೆ ಇಳಿದು ಬಂದಿರಬೇಕು.

ಆ ರಾತ್ರಿ ನನ್ನನ್ನು ನಾನೇ ಸಮರ್ಥಿಸಿಕೊಳ್ಳಲು ನೋಡಿದೆ. ಮೊದಲು ಹೊಳೆದ ಸಮರ್ಥನೆ ಎಲ್ಲರಿಗೂ ಹೊಳೆಯುವಂಥದೇ. ಅದು ಯುದ್ಧದ ಕಾಲ. ಅವರು 1783ರಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪವಿತ್ತು. ಕಾವಲುಗಾರ ಒಳಗಿನ ಶತ್ರುವನ್ನೂ ನೋಡಬೇಡವೇ? ಒಪ್ಪೋಣ, ಕೆಲವರು ನೆರವಾಗಿದ್ದರೆಂದೇ ಇಟ್ಟುಕೊಳ್ಳೋಣ. ಆದರೆ ನೆರವಾದವನಿಗೆ ಹೆಸರಿರುತ್ತದೆ, ಮುಖವಿರುತ್ತದೆ. ಅವನನ್ನು ಕರೆಸಿ ವಿಚಾರಿಸಬಹುದು. ಹೆಸರು ಹುಡುಕುವ ತಾಳ್ಮೆಯಿಲ್ಲದೆ ಕುಲವನ್ನೇ ಹಿಡಿದರೆ ಅದು ಕಾವಲಿನ ಕೆಲಸವಾಗಿ ಉಳಿಯಿತೇ? ತೊಟ್ಟಿಲ ಕೂಸು ಮ್ಯಾಥ್ಯೂಸನಿಗೆ ಯಾವ ಸುದ್ದಿ ಮುಟ್ಟಿಸಿತ್ತು?

ಇದು ಆ ಒಬ್ಬ ಅರಸನ ದೋಷ, ಆ ಒಂದು ಕಾಲದ ದೋಷ ಎಂದುಕೊಂಡರೆ ಅದೂ ಸರಿಯಾಗದು. ಅಮೆರಿಕದ ಪಡುವಣ ಕರಾವಳಿಯಲ್ಲಿ, ಕೊಲಂಬಿಯಾ ನದಿಯ ಅಳಿವೆಯನ್ನು ಕಾಯಲು ಫೋರ್ಟ್ ಸ್ಟೀವನ್ಸ್ ಎಂಬ ತೋಪುಖಾನೆಯಿತ್ತು. ಬತ್ತೇರಿಯದೇ ಕೆಲಸ, ದೊಡ್ಡ ಪ್ರಮಾಣದಲ್ಲಿ. 1942ರ ಜೂನ್ 21ರ ರಾತ್ರಿ ಜಪಾನಿನ ಒಂದು ಸಬ್‌ಮರೀನ್ ಅದರ ಮೇಲೆ ಹದಿನೇಳು ಗುಂಡು ಹಾರಿಸಿತು. ತೋಪುಗಳು ಉತ್ತರ ಕೊಡಲಿಲ್ಲ. ತಮ್ಮ ನೆಲೆ ಶತ್ರುವಿಗೆ ತಿಳಿಯಬಾರದೆಂದು ಅಧಿಕಾರಿ ತಡೆದಿದ್ದ. ಹೆಚ್ಚಿನ ಪೆಟ್ಟು ಬಿದ್ದದ್ದು ಒಂದು ಬೇಸ್‌ಬಾಲ್ ಮೈದಾನಕ್ಕೆ. ಇಷ್ಟು ಸಂಯಮದಿಂದ ಶತ್ರುವಿನ ಎದುರು ಮೌನವಾಗಿ ಕುಳಿತ ಅದೇ ಸರಕಾರ, ಆ ಫೆಬ್ರುವರಿಯಲ್ಲೇ ಒಂದು ಆಜ್ಞೆ ಹೊರಡಿಸಿ, ಆ ಕರಾವಳಿಯ ಸುಮಾರು 1,20,000 ಜಪಾನೀ ಮೂಲದವರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ಸಾಗಿಸಲು ದಾರಿ ಮಾಡಿತ್ತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಲ್ಲಿಯೇ ಹುಟ್ಟಿದ ಪ್ರಜೆಗಳು. ತಪ್ಪಾಯಿತೆಂದು ಕಾನೂನು ಮಾಡಿ ಕ್ಷಮೆ ಕೇಳಿದ್ದು 1988ರಲ್ಲಿ. ನಾವೇನು ಕಡಿಮೆ? 1962ರ ಚೀನಾ ಯುದ್ಧದಲ್ಲಿ ನಮ್ಮ ಸ್ವತಂತ್ರ ಭಾರತವೇ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿಯ ಶಿಬಿರದಲ್ಲಿಟ್ಟಿತು. ಚಹಾತೋಟದ ಕೆಲಸಗಾರರು, ಬಡಗಿಗಳು, ಚಪ್ಪಲಿ ಹೊಲಿಯುವವರು, ಅವರ ಮಕ್ಕಳು. ಹೊರಗಿನ ಶತ್ರುವನ್ನು ಹೊಡೆಯುವುದು ಕಷ್ಟ. ಒಳಗಿನ ನೆರೆಯವನನ್ನು ಹಿಡಿಯುವುದು ಸುಲಭ. ಭಯಕ್ಕೆ ಏನಾದರೂ ಮಾಡಿದೆನೆಂಬ ಸಮಾಧಾನ ಬೇಕು.

ಎರಡನೆಯ ಸಮರ್ಥನೆ ಹೀಗೆ: ಅವನು ಒಳ್ಳೆಯದನ್ನೂ ಮಾಡಿದನಲ್ಲ? ಮಾಡಿದ. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ಹಣ, ಸಾಮಗ್ರಿ ಕಳಿಸಿದವನು ಟಿಪ್ಪು. ಅವನು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಶಾರದೆಯ ಗುಡಿಯನ್ನು ದೋಚಿದ್ದು ಯಾರು, ಕೈ ಹಿಡಿದದ್ದು ಯಾರು ಎಂಬುದನ್ನು ನೆನೆದರೆ, ನಮ್ಮ ಎಷ್ಟೋ ಸುಲಭದ ತೀರ್ಮಾನಗಳು ತಲೆ ತಗ್ಗಿಸಬೇಕಾಗುತ್ತದೆ.

ಆದರೆ ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಒಬ್ಬನ ಖಾತೆಯಲ್ಲಿ ಜಮೆಯಾದದ್ದನ್ನು ಇನ್ನೊಬ್ಬನ ಬಾಕಿಗೆ ಹೊಂದಿಸುವಂತಿಲ್ಲ. ಹೊಂದಿಸಿದರೆ ಲೆಡ್ಜರು ಸರಿಯಾಗಿ ಕೂಡಬಹುದು. ಆದರೂ ಅದು ಮೋಸವೇ. ಶೃಂಗೇರಿಗೆ ಸಂದದ್ದು ಶೃಂಗೇರಿಯ ಖಾತೆಗೆ. ಅದನ್ನು ತೋರಿಸಿ ಟೀಚರ ಅಜ್ಜಂದಿರ ಬಾಕಿ ತೀರಿತೆಂದು ಷರಾ ಬರೆಯಲು ನಾನು ಯಾರು? ಹಾಗೆಯೇ, ಬೋಳೂರಿನ ಬೆಸ್ತರ ದೋಣಿಗೆ ಆ ತೋಪಿನಿಂದ ಒಂದು ದಿನವಾದರೂ ಧೈರ್ಯ ಸಿಕ್ಕಿದ್ದರೆ ಅದೂ ಒಂದು ಜಮೆ. ಸೆರೆಯ ಕಥೆ ಹೇಳುವ ಭರದಲ್ಲಿ ಅದನ್ನು ಹೊಡೆದುಹಾಕುವವರ ಲೆಕ್ಕವೂ ಸುಳ್ಳು ಲೆಕ್ಕವೇ. ಇಂದು ಒಂದು ಗುಂಪು ಜಮೆಯನ್ನಷ್ಟೇ ಓದುತ್ತದೆ, ಇನ್ನೊಂದು ಗುಂಪು ಬಾಕಿಯನ್ನಷ್ಟೇ ಓದುತ್ತದೆ. ಎರಡಕ್ಕೂ ಟೀಚರ ಅಜ್ಜಿ ಮುಖ್ಯಳಲ್ಲ.

ಕಾಯುವವನಿಗೆ ಕಾಯಿಸಿಕೊಂಡವರ ಮೇಲೆ ಹಕ್ಕು ಹುಟ್ಟುತ್ತದೆಯೇ ಎಂಬುದು ನನ್ನ ಮಟ್ಟಿಗೆ ಇಲ್ಲಿ ನಿಜವಾದ ಪ್ರಶ್ನೆ. ಹುಟ್ಟುವುದಿಲ್ಲ ಎಂದು ನನಗೆ ತೋರುತ್ತದೆ. ಹೊಲಕ್ಕೆ ಬೇಲಿ ಹಾಕಿದವನು ಪೈರಿಗೆ ಸಾಲ ಕೊಟ್ಟಿಲ್ಲ, ಪೈರಿಗಾಗಿಯೇ ಬೇಲಿ. ಬೇಲಿಯೇ ಎದ್ದು ಹೊಲ ಮೇದ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿಲ್ಲ. ಅರಸನಿಗೆ ಮಾತ್ರವಲ್ಲ, ಮನೆ ನಡೆಸುವ ಅಪ್ಪನಿಗೂ ಇದನ್ನು ಹೇಳಬೇಕು. "ನಿಮಗಾಗಿ ದುಡಿದೆ" ಎಂಬ ಮಾತಿನಿಂದ ಆರಂಭಿಸಿ ನಾನು ಮನೆಯವರಿಗೆ ಎಷ್ಟು ಸಲ ಏನೇನು ಹೇಳಿದ್ದೇನೆ ಎಂಬ ಪಟ್ಟಿ ಇಲ್ಲಿ ಬೇಡ.

'ನಮ್ಮವರು' ಎಂಬ ಮಾತು ಕೂಡ ಇಲ್ಲಿ ಕಾಲಿಗೆ ತೊಡರುತ್ತದೆ. ನಾನು ಬಳ್ಳಾರಿ ಸೀಮೆಯವನು. ಹದಿನೆಂಟನೆಯ ಶತಮಾನ ಮುಗಿಯುವುದರೊಳಗೆ ಮೈಸೂರಿನ ಕೈಯಿಂದ ನಿಜಾಮನ ಕೈಗೆ, 1800ರಲ್ಲಿ ನಿಜಾಮನಿಂದ ಕಂಪೆನಿಯ ಕೈಗೆ ದಾಟಿದ ದತ್ತಮಂಡಲ ಅದು. ಕೆನರಾದಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನನ್ನೇ ಅಲ್ಲಿಂದ ಎತ್ತಿ ನಮ್ಮ ಕಡೆಗೆ ಕಳಿಸಿದರು. ನಮ್ಮ ಸಂಘದ ರಾಯಚೂರು, ಕಲಬುರಗಿ, ಬೀದರಿನ ಗೆಳೆಯರ ಅಜ್ಜಂದಿರು ನಿಜಾಮನ ಪ್ರಜೆಗಳು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಇಂಗ್ಲಿಷರೊಡನೆ ಹೋದ ನಿಜಾಮನ ದಂಡಿಗೆ ಮೀರ್ ಆಲಂ ಮುಖ್ಯಸ್ಥ. ಮಕ್ಕಳನ್ನು ಪ್ರಾಣಿಗಳ ಪಾರ್ಕಿಗೆ ಕರೆದೊಯ್ದಾಗ ಪಕ್ಕದಲ್ಲಿ ಕಾಣುವ ಕೆರೆ ಅವನ ಹೆಸರಿನದೇ. ಆಬಿಡ್ಸ್‌ಗೆ ಹೋಗುವಾಗ ದಾಟುವ ಗನ್‌ಫೌಂಡ್ರಿಯಲ್ಲಿ ಫ್ರೆಂಚರ ರೇಮಂಡ್ ನಿಜಾಮನಿಗೆ ತೋಪು ಎರಕ ಹೊಯ್ಯಿಸುತ್ತಿದ್ದ. ಹೀಗೆ ಒಂದೇ ಪಂಕ್ತಿಯಲ್ಲಿ ಕುಳಿತು ಹೋಳಿಗೆ ತಿಂದ ನಮ್ಮ ಹಿಂದಿನವರು ತೋಪಿನ ಎಲ್ಲ ಕಡೆಗಳಲ್ಲೂ ಇದ್ದರು: ಹೊಡೆದವರ ಕಡೆ, ಹೊಡೆಸಿಕೊಂಡವರ ಕಡೆ, ಸೆರೆಯಾದವರ ಕಡೆ.

ಈ ಲೇಖನ ಬರೆಯುತ್ತೇನೆಂದಾಗ ಹಿರಿಯ ಮಿತ್ರರೊಬ್ಬರು ಬೇಡವೆಂದರು. "ಪರಊರಿನಲ್ಲಿ ನಾವು ನಾಲ್ಕು ಜನ. ಹಳೆಯ ಗಾಯ ಕೆದಕಿ ಏನು ಸಾಧಿಸುತ್ತೀರಿ?" ಅವರ ಕಾಳಜಿ ಸುಳ್ಳಲ್ಲ. ಈ ವಿಷಯ ಈಗ ಬೀದಿಯ ಜಗಳವಾಗಿದೆ. ನಮ್ಮ ಸಂಘ ಒಡೆಯಬಾರದೆಂಬ ಆಸೆ ನನಗೂ ಇದೆ. ಆದರೆ ಅವರಿಗೆ ನಾನು ಒಂದನ್ನು ಕೇಳಿದೆ: ಇಷ್ಟು ವರ್ಷ ಗಾಯ ಕೆದಕದೆ ಇದ್ದವರು ಯಾರು? ನಾವಲ್ಲ. ನಾವು ಪ್ರತಿ ನವೆಂಬರಿನಲ್ಲೂ ನಮಗೆ ಬೇಕಾದ ಅರಸರನ್ನು ಹೊಗಳಿದ್ದೇವೆ. ಮೂರನೆಯ ಸಾಲಿನಲ್ಲಿ ಕುಳಿತು, ಚಪ್ಪಾಳೆ ತಟ್ಟಿ, ಮಕ್ಕಳ ಹಾಡಿಗೆ ಶ್ರುತಿಪೆಟ್ಟಿಗೆ ಹಿಡಿದು, ಒಂದು ಮಾತೂ ಆಡದೆ ಇದ್ದವರು ಟೀಚರ್. ಸಂಘದ ಒಗ್ಗಟ್ಟಿನ ಖರ್ಚನ್ನು ಅವರೊಬ್ಬರೇ ಕೊಡುತ್ತಿದ್ದರು, ರಸೀತಿಯೂ ಇಲ್ಲದೆ. ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆಯಿರಿ, ಆದರೆ ಚಿಕ್ಕದಾಗಿ ಬರೆಯಿರಿ" ಎಂದರು. ಚಿಕ್ಕದಾಗಿಲ್ಲವೆಂದು ಕಾಣುತ್ತದೆ.

ಕಳೆದ ತಿಂಗಳು ಟೀಚರ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟು, ತಮ್ಮ ಅಜ್ಜಿ ಬೂದಿ ಬುಧವಾರದ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಹೇಳುತ್ತಿದ್ದ ಕಥೆಯನ್ನು ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರದು. ತಾವು ಮದುವೆಗೆ ಮೊದಲು ಅಪ್ಪನ ಜೊತೆ ಬತ್ತೇರಿಯ ಬಳಿ ದೋಣಿ ಹತ್ತಿ ತಣ್ಣೀರುಬಾವಿಗೆ ಹೋಗುತ್ತಿದ್ದುದನ್ನೂ, ಬತ್ತೇರಿಯ ನೆರಳಿನಲ್ಲಿ ಕುಳಿತು ಕಡಲೆಕಾಯಿ ತಿನ್ನುತ್ತಿದ್ದುದನ್ನೂ ನೆನೆಸಿಕೊಂಡರು. "ಚಂದದ ಜಾಗ ರಾಯರೇ, ಸಂಜೆ ಗಾಳಿ ಭಾರೀ ಒಳ್ಳೆಯದು" ಎಂದರು. ಈ ಸಲದ ರಾಜ್ಯೋತ್ಸವದಲ್ಲಿ ತಾವು ಮಾತಾಡಬೇಕು, ಹತ್ತು ನಿಮಿಷ ಕೊಡಿಸುತ್ತೇನೆ ಎಂದೆ. ಯೋಚಿಸಿ ಹೇಳುತ್ತೇನೆಂದರು. ಮೊನ್ನೆ ಫೋನು ಬಂತು: ಹತ್ತು ಸಾಲದಂತೆ, ಹದಿನೈದು ಬೇಕಂತೆ, ಮತ್ತು ಊಟಕ್ಕೆ ಮೊದಲು. ಕಾರ್ಯದರ್ಶಿಗಳಿಗೆ ತಿಳಿಸಿದ್ದೇನೆ.