ಹೊರೆ ಮತ್ತು ಅಪರಿಗ್ರಹ

ದೂರದ ಪಯಣಕ್ಕೆ ಸೈಕಲ್ ಸಜ್ಜುಗೊಳಿಸುವವರಿಗೆ ಮೊದಲು ಎದುರಾಗುವುದು ತೂಕದ ಪ್ರಶ್ನೆ. ನನ್ನ ಮಟ್ಟಿಗೆ ಅದು ಧರ್ಮದ ಪ್ರಶ್ನೆಯೂ ಹೌದು, ಜೈನರು ಅಪರಿಗ್ರಹ ಎನ್ನುವ, ಕೂಡಿಡದೆ ಬದುಕುವ ವ್ರತದ ಪ್ರಶ್ನೆ. ದಿಗಂಬರ ಜೈನ ಮುನಿಗಳು ನವಿಲುಗರಿಯ ಪಿಂಛಿ, ನೀರಿನ ಕಮಂಡಲು ಹಿಡಿದು ಊರಿಂದೂರಿಗೆ ನಡೆಯುತ್ತಾರೆ. 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟ ಥಾಮಸ್ ಸ್ಟೀವನ್ಸ್ ಕಾಲುಚೀಲ, ಒಂದು ಹೆಚ್ಚುವರಿ ಅಂಗಿ, ಡೇರೆಯಾಗಿಯೂ ಒದಗುವ ಮಳೆಯಂಗಿ, ರಿವಾಲ್ವರ್ ಇಷ್ಟರಲ್ಲೇ ದಾರಿ ಹಿಡಿದ (ಆ ರಿವಾಲ್ವರ್ ಭಯದ ತೂಕ). ಹಾಗಿರುವಾಗ ನಾಲ್ಕು ಚೀಲ, ಒಲೆ, ಬಿಡಿಭಾಗ ಯಾಕೆ ಎಂದು ಯಾರಾದರೂ ಕೇಳಬಹುದು.

ಆಕ್ಷೇಪದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಮುನಿಯ ಬರಿಗೈಯ ಹಿಂದೆ ಆಹಾರ ನೀಡುವ ಶ್ರಾವಕರು, ಅಂದರೆ ಗೃಹಸ್ಥ ಜೈನರು, ಇದ್ದಾರೆ, ಕಠಿಣ ವ್ರತವಿದೆ. ಗೃಹಸ್ಥ ಸವಾರ ಬರಿಗೈಯಲ್ಲಿ ಹೊರಟರೆ ತನ್ನ ಹೊರೆಯನ್ನು ಪರರ ಹೆಗಲಿಗೇರಿಸಿದಂತೆ. ತತ್ತ್ವಾರ್ಥಸೂತ್ರ ಬರೆದ ಜೈನ ಆಚಾರ್ಯ ಉಮಾಸ್ವಾತಿಯೂ ಪರಿಗ್ರಹವನ್ನು, ಅಂದರೆ ಕೂಡಿಡುವಿಕೆಯನ್ನು, ಕಂಡದ್ದು ವಸ್ತುಗಳ ಎಣಿಕೆಯಲ್ಲಲ್ಲ, ಅವುಗಳ ಮೇಲಿನ ಮೋಹದಲ್ಲಿ. ಈ ವ್ಯತ್ಯಾಸ ಸೈಕಲ್ಲಿನ ಬಿಡಿಭಾಗಗಳಲ್ಲೂ ಕಾಣುತ್ತದೆ: ಭಾರ ಹೊತ್ತ ಹಿಂದಿನ ಗಾಲಿಯಲ್ಲಿ ಸ್ಪೋಕ್ ಮುರಿಯುವುದು ಹೆಚ್ಚಾಗಿ ಚೈನಿನ ಬದಿಗೆ. ಅಲ್ಲಿನ ಫ್ರೀವೀಲ್ ಬಿಚ್ಚದೆ ಹೊಸದನ್ನು ತೂರಿಸುವುದು ಕಷ್ಟ. ಬಿಚ್ಚುವ ಟೂಲ್ ಇಲ್ಲದೆ ಹತ್ತು ಸ್ಪೋಕ್ ಹೊತ್ತರೆ ಅದು ಬರೀ ಮನಸ್ಸಮಾಧಾನದ ಶೇಖರಣೆ. ಮೂರು ಸ್ಪೋಕ್, ಆ ಟೂಲ್, ಪಳಗಿದ ಕೈ ಇದ್ದರೆ ಸಾಧನ. ನಾನು ಉಕ್ಕಿನ ಫ್ರೇಮ್ ಮೆಚ್ಚುವುದೂ ಇದಕ್ಕೇ: ತುಸು ಭಾರವಾದರೂ ಸಣ್ಣ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಯಬಹುದು. ಅಗತ್ಯವೆಂಬ ನೆಪಕ್ಕೆ ಕೊನೆಯೇ ಇಲ್ಲ ಎನ್ನುವವರ ಆತಂಕ ನಿಜ. ಆದರೆ ಮೂರನೇ ಜಾಕೆಟ್ ಚೀಲ ಸೇರುವ ಮುನ್ನ, ಇದು ಯಾವ ಕೆಲಸಕ್ಕೆ, ಆ ಕೆಲಸ ನನಗೆ ಬರುತ್ತದೆಯೇ ಎಂದು ಕೇಳಿಕೊಂಡರೆ ಬಹಳಷ್ಟು ಸಾಮಾನು ಮನೆಯಲ್ಲೇ ಉಳಿಯುತ್ತದೆ.